ಗುಂಡು ತಗುಲಿದ ವಿಮಾನದ ಮೈ: ಪರೀಕ್ಷೆಯಲ್ಲಿ ಅಳೆಯಬೇಕಾದದ್ದು ಏನು?

ಕಾಪು ಓದುಗ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ರಜೆಯಲ್ಲಿ ಮನೆಯವರೊಂದಿಗೆ ಕಾರವಾರಕ್ಕೆ ಹೋಗಿದ್ದಾಗ, ಕಡಲ ದಂಡೆಯಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ನೋಡಿದೆವು. ಸುಮಾರು ಮೂರು ದಶಕ ಜಲಾಂತರ್ಗಾಮಿಗಳನ್ನು ಹುಡುಕುತ್ತಾ ನಮ್ಮ ಸಮುದ್ರದ ಮೇಲೆ ಹಾರಿ, 2017ರಲ್ಲಿ ಸೇವೆಯಿಂದ ನಿವೃತ್ತಿಯಾದ ಆ ದೈತ್ಯ ವಿಮಾನದ ಹೊರಮೈ ರಿವೆಟ್ ಹೊಡೆದು ಜೋಡಿಸಿದ ತಗಡಿನ ಹಾಳೆಗಳಷ್ಟೇ ಎಂಬುದು ಹತ್ತಿರ ನಿಂತಾಗ ಗೊತ್ತಾಯಿತು. ಯುದ್ಧಕ್ಕೆಂದೇ ಕಟ್ಟಿದ ವಿಮಾನದ ಮೈ ಇಷ್ಟು ತೆಳುವಾಗಿದ್ದರೆ ನೆಲದಿಂದ ಹಾರಿಬಂದ ಗುಂಡನ್ನು ಅದು ತಡೆಯುವುದು ಹೇಗೆ? ತಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕ್ರಮ ಯಾವುದು? ಬಜಪೆಯಿಂದ ನಾವು ಹತ್ತುವ ಪ್ರಯಾಣಿಕ ವಿಮಾನಕ್ಕೂ ಅಂಥ ಪರೀಕ್ಷೆ ಇದೆಯೇ? ತಿಳಿದವರು ಸ್ವಲ್ಪ ವಿವರವಾಗಿಯೇ ಬರೆಯಬೇಕೆಂದು ಕೋರಿಕೆ.

ಬಿಜೈ ನಿವಾಸಿ

ಪ್ರಶ್ನೆ ಚೆನ್ನಾಗಿದೆ. ಆದರೆ ಪರೀಕ್ಷೆ ಅಷ್ಟು ಕಷ್ಟದ್ದೆಂದು ನನಗೆ ಅನ್ನಿಸುವುದಿಲ್ಲ. ವಿಮಾನಕ್ಕೆ ಬಳಸುವ ಹಾಳೆಯ ಒಂದು ತುಂಡನ್ನು ಚೌಕಟ್ಟಿಗೆ ಬಿಗಿದು, ಅಳತೆಯ ದೂರದಿಂದ ಗುಂಡು ಹಾರಿಸಿ, ತೂರಿತೋ ಇಲ್ಲವೋ ಎಂದು ನೋಡಿದರೆ ಉತ್ತರ ಸಿಕ್ಕಿತಲ್ಲವೇ? ತೂರಿದರೆ ಹಾಳೆಯನ್ನು ದಪ್ಪ ಮಾಡಬೇಕು, ತೂರದಿದ್ದರೆ ಸಾಕು. ಗುಂಡು ನಿರೋಧಕ ಅಂಗಿಯನ್ನು ಪರೀಕ್ಷಿಸುವುದೂ ಹೀಗೆಯೇ ಎಂದು ಕೇಳಿದ್ದೇನೆ.

ನಿವೃತ್ತ ಏರ್‌ಫ್ರೇಮ್, ಉಡುಪಿ

ಕಾಪುವಿನವರ ಪ್ರಶ್ನೆಗೂ ಬಿಜೈಯವರ ಸಲಹೆಗೂ ಸೇರಿಸಿಯೇ ಉತ್ತರಿಸುತ್ತೇನೆ. ವಿಮಾನಗಳ ಮೈ, ರೆಕ್ಕೆ, ಬಾಲಗಳ ದುರಸ್ತಿಯಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ವಿಷಯ ನನಗೆ ಬಹಳ ಮುಖ್ಯವಾದದ್ದು. ಬರಹ ಉದ್ದವಾದರೆ ಮನ್ನಿಸಬೇಕು.

ಮೊದಲ ಮಾತು: ವಿಮಾನದ ಹೊರಮೈ ಗುಂಡನ್ನು ತಡೆಯುವುದಿಲ್ಲ, ತಡೆಯಬೇಕೆಂದು ಅದನ್ನು ಕಟ್ಟುವುದೂ ಇಲ್ಲ. ಹೆಚ್ಚಿನ ಕಡೆಗಳಲ್ಲಿ ಒಂದರಿಂದ ಎರಡು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಮಿಶ್ರಲೋಹ ಅದು. ಎಕೆ 47 ಬಂದೂಕಿನ ಎಂಟು ಗ್ರಾಂ ತೂಕದ ಗುಂಡು ಸೆಕೆಂಡಿಗೆ 700 ಮೀಟರ್‌ಗೂ ಮೀರಿದ ವೇಗದಲ್ಲಿ ಹೊರಡುವಾಗ ಅದರಲ್ಲಿ ಸುಮಾರು 2,000 ಜೌಲ್ ಶಕ್ತಿ ಇರುತ್ತದೆ. 12.7 ಮಿಲಿಮೀಟರ್ ಮೆಷಿನ್‌ಗನ್ನಿನ ಗುಂಡಿನಲ್ಲಿ ಅದರ ಎಂಟು ಪಟ್ಟು. 23 ಮಿಲಿಮೀಟರ್ ವಿಮಾನ ನಿರೋಧಕ ಫಿರಂಗಿಯ ಗುಂಡು 190 ಗ್ರಾಂ ತೂಗುತ್ತದೆ, ಜೊತೆಗೆ ಒಳಗೆ ಸ್ಫೋಟಕವನ್ನೂ ಹೊತ್ತಿರುತ್ತದೆ. ಇವುಗಳ ಎದುರು ತೆಳುವಾದ ಅಲ್ಯುಮಿನಿಯಂ ಒಂದು ತಡೆಯೇ ಅಲ್ಲ.

ಹಾಗಾದರೆ ದಪ್ಪ ಮಾಡೋಣ ಎಂದರೆ ಲೆಕ್ಕ ಹಾಕಿ ನೋಡಿ. ಆರು ಮಿಲಿಮೀಟರ್ ದಪ್ಪದ ಉಕ್ಕು ಚದರ ಮೀಟರಿಗೆ 47 ಕಿಲೋ ತೂಗುತ್ತದೆ. ಒಂದು ಹೆಲಿಕಾಪ್ಟರಿನ ಇಪ್ಪತ್ತು ಚದರ ಮೀಟರ್ ಮೈಗೆ ಅದನ್ನು ಹೊದಿಸಿದರೆ 940 ಕಿಲೋ ಆಯಿತು. ನಮ್ಮ ಎಚ್‌ಎಎಲ್ ಕಟ್ಟಿದ ಪ್ರಚಂಡ ಹೆಲಿಕಾಪ್ಟರ್ ಎಲ್ಲ ಸೇರಿ ಹೊತ್ತು ಮೇಲೇರಬಲ್ಲ ತೂಕವೇ 5,800 ಕಿಲೋ. ಹಿಮಾಲಯದ ಎತ್ತರದಲ್ಲಿ ಒಂದೊಂದು ಕಿಲೋಗೂ ಲೆಕ್ಕ ಇಡುವಾಗ ಆರರಲ್ಲಿ ಒಂದು ಪಾಲನ್ನು ಬರಿಯ ಹೊದಿಕೆಗೆ ಕೊಡಲು ಯಾರಿಂದ ಸಾಧ್ಯ? ಹಾಗೆ ಹೊದಿಸಿದರೂ 23 ಮಿಲಿಮೀಟರ್ ಗುಂಡು ಅದನ್ನು ತೂರಿಕೊಂಡೇ ಹೋಗುತ್ತದೆ.

ಕವಚವನ್ನೇ ಮೈಯನ್ನಾಗಿ ಮಾಡಿದ ಉದಾಹರಣೆಗಳು ಇಲ್ಲವೆಂದಲ್ಲ. ಎರಡನೇ ಮಹಾಯುದ್ಧದ ಸೋವಿಯತ್ ಇಲ್ಯೂಷಿನ್ 2 ವಿಮಾನದ ಮುಂಭಾಗದ ಉಕ್ಕಿನ ಕವಚ ರಚನೆಯ ಭಾರವನ್ನೂ ಹೊರುತ್ತಿತ್ತು. ಅಮೆರಿಕದ ಎ 10 ವಿಮಾನದಲ್ಲಿ ಪೈಲಟ್ ಸುತ್ತ ಸುಮಾರು 540 ಕಿಲೋ ತೂಕದ ಟೈಟಾನಿಯಂ ತೊಟ್ಟಿ ಇದೆ. ಜಾಗಕ್ಕೆ ತಕ್ಕಂತೆ ಅದರ ದಪ್ಪ 13ರಿಂದ 38 ಮಿಲಿಮೀಟರ್. ಆ ತೊಟ್ಟಿಗೆ 23 ಮಿಲಿಮೀಟರ್ ಗುಂಡುಗಳನ್ನು ಹೊಡೆದೇ ಪರೀಕ್ಷಿಸಿದರು. ಆದರೆ ಅಲ್ಲಿಯೂ ಕವಚ ಇರುವುದು ಮುಖ್ಯವಾಗಿ ಪೈಲಟ್ ಕೂರುವಲ್ಲಿ. ಉಳಿದ ವಿಮಾನವನ್ನು ಕಾಪಾಡುವ ಉಪಾಯ ಬೇರೆ. ಮುಖ್ಯವಾದದ್ದನ್ನು ಎರಡೆರಡು ಇಡುವುದು, ಆ ಎರಡನ್ನೂ ಒಂದೇ ಗುಂಡು ಕೆಡಿಸದಂತೆ ದೂರ ದೂರ ಇಡುವುದು, ಕೆಟ್ಟರೂ ನಡೆಯುವ ವಸ್ತುವನ್ನು ಕೆಡಬಾರದ ವಸ್ತುವಿನ ಮುಂದೆ ಇರಿಸುವುದು. ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ಗೇರ್‌ಬಾಕ್ಸ್‌ನಿಂದ ಎಣ್ಣೆ ಪೂರ್ತಿ ಸೋರಿಹೋದರೂ ಅದು ಅರ್ಧ ಗಂಟೆ ತಿರುಗಬೇಕೆಂದು ವಿನ್ಯಾಸದಲ್ಲೇ ಕೇಳಿದ್ದರು. ಗುಂಡು ಬಿದ್ದ ಜಾಗದಿಂದ ದೂರ ಹೋಗಿ ಇಳಿಯುವುದಕ್ಕೆ ಬೇಕಾದ ಸಮಯ ಅದು. 2003ರ ಏಪ್ರಿಲ್ 7ರಂದು ಬಾಗ್ದಾದಿನ ಮೇಲೆ ಏಟು ತಿಂದ ಒಂದು ಎ 10ರಲ್ಲಿ, ದ್ರವದ ಒತ್ತಡದಿಂದ ರೆಕ್ಕೆ, ಬಾಲಗಳ ಚಲಿಸುವ ಭಾಗಗಳನ್ನು ನಡೆಸುವ ಎರಡೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಪೈಲಟ್ ಕಿಮ್ ಕ್ಯಾಂಪ್‌ಬೆಲ್ ಕೇಬಲ್ಲುಗಳ ಮೂಲಕ ಕೈಬಲದಿಂದಲೇ ವಿಮಾನ ನಡೆಸಿ ನೆಲೆಗೆ ತಂದರು. ಅವರ ವಿಮಾನದ ಬಾಲ ಗುಂಡನ್ನು ತಡೆಯಲಿಲ್ಲ, ಅದರಲ್ಲಿ ನೂರಾರು ತೂತುಗಳಾಗಿದ್ದವು.

ಆದ್ದರಿಂದ ಬಿಜೈಯವರೇ, ತೂರಿತೋ ಇಲ್ಲವೋ ಎಂಬುದು ಕವಚಕ್ಕೆ ಕೇಳುವ ಪ್ರಶ್ನೆ. ವಿಮಾನಕ್ಕೆ ಕೇಳಬೇಕಾದ ಪ್ರಶ್ನೆ, ತೂರಿದ ನಂತರ ಏನಾಯಿತು ಎಂಬುದು. ಈ ಎರಡನೆಯದಕ್ಕೆ ಚೌಕಟ್ಟಿಗೆ ಬಿಗಿದ ಹಾಳೆಯ ತುಂಡು ಉತ್ತರ ಹೇಳಲಾರದು. ಏಕೆಂದರೆ ಹಾರುತ್ತಿರುವ ವಿಮಾನದ ಹಾಳೆ ಸುಮ್ಮನೆ ನಿಂತಿರುವುದಿಲ್ಲ. ರೆಕ್ಕೆ ಮೇಲಕ್ಕೆ ಬಾಗಿರುತ್ತದೆ, ಆದ್ದರಿಂದ ಅದರ ಕೆಳಮೈ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಭಾರವಿಲ್ಲದ ಹಾಳೆಯಲ್ಲಿ ಗುಂಡು ಬರಿಯ ತೂತು ಮಾಡಿದರೆ, ಎಳೆತದಲ್ಲಿರುವ ಹಾಳೆಯಲ್ಲಿ ಅದೇ ತೂತಿನ ಅಂಚಿನಿಂದ ಬಿರುಕು ಹೊರಟು ಪಕ್ಕದ ರಿಬ್ಬಿನ (ರೆಕ್ಕೆಯೊಳಗಿನ ಅಡ್ಡ ಪಟ್ಟಿಯ) ತನಕ ಓಡಬಹುದು. ಹೊರಗೆ ಗಾಳಿ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಉಜ್ಜಿಕೊಂಡು ಹೋಗುತ್ತಿರುತ್ತದೆ. ಗುಂಡು ಹೊಕ್ಕ ಕಡೆ ತೂತು ದುಂಡಗೆ, ನಯವಾಗಿರುತ್ತದೆ. ಹೊರಟ ಕಡೆ ಲೋಹ ಹರಿದು ದಳ ದಳವಾಗಿ ಹೊರಕ್ಕೆ ಮಡಚಿಕೊಂಡಿರುತ್ತದೆ. ಆ ದಳಗಳನ್ನು ಗಾಳಿ ಹಿಡಿದರೆ ಹಾಳೆಯೇ ಸುಲಿದು ಹೋಗಬಹುದು. ಸಣ್ಣ ಬೆಂಕಿಯನ್ನು ಅದೇ ಗಾಳಿ ಆರಿಸಿಯೂ ಬಿಡಬಹುದು, ರೆಕ್ಕೆಯ ಒಳಗಿನ ಮೂಲೆಗೆ ನುಗ್ಗಿಸಿ ಊದಿ ಬೆಳೆಸಲೂಬಹುದು.

ಈ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿರುವ ಅಮೆರಿಕ ನೌಕಾಪಡೆಯ ಪರೀಕ್ಷಾ ಕೇಂದ್ರದಲ್ಲಿ ಜೆಟ್ ಎಂಜಿನ್‌ಗಳಿಂದಲೇ ಗಾಳಿ ಹಾಯಿಸುತ್ತಾರೆ. ನೆಲದ ಮೇಲೆ ಕಟ್ಟಿಹಾಕಿದ ನಿಜವಾದ ವಿಮಾನದ ಮೇಲೆ ಆ ಗಾಳಿ ಹರಿಯುತ್ತಿರುವಾಗ, ಟ್ಯಾಂಕಿನಲ್ಲಿ ಇಂಧನ ಇರುವಾಗ, ದೂರದ ಸುರಕ್ಷಿತ ಕೊಠಡಿಯಿಂದ ಗುಂಡು ಹಾರಿಸುತ್ತಾರೆ. ಎಫ್ 35 ಯುದ್ಧವಿಮಾನದ ಹಾರಾಟಕ್ಕಲ್ಲದ, ಪರೀಕ್ಷೆಗೆಂದೇ ಕಟ್ಟಿದ ಒಂದು ಮೈಗೆ ಅಲ್ಲಿಯೇ ಗುಂಡು ಹೊಡೆದು ನೋಡಿದರು.

ಕಾಪು ಓದುಗ

ನಿಮ್ಮ ವಿವರಣೆಗೆ ತುಂಬಾ ಋಣಿ. ಒಂದು ಅನುಮಾನ ಉಳಿಯಿತು. ಟ್ಯಾಂಕಿನಲ್ಲಿ ಇಂಧನ ಇರಲೇಬೇಕೆಂದು ನೀವು ಹೇಳುವುದು ಬೆಂಕಿಯ ಕಾರಣಕ್ಕೆ ಮಾತ್ರವೇ? ಹಾಗಿದ್ದರೆ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಸುರಕ್ಷಿತವಲ್ಲವೇ?

ನಿವೃತ್ತ ಏರ್‌ಫ್ರೇಮ್, ಉಡುಪಿ

ಇಲ್ಲಿಯೇ ವಿಷಯ ಸೂಕ್ಷ್ಮವಾಗುವುದು. ಖಾಲಿ ಟ್ಯಾಂಕಿಗೆ ಗುಂಡು ಹೊಡೆದರೆ ಎರಡು ತೂತುಗಳಾಗುತ್ತವೆ, ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ತುಂಬಿದ ಟ್ಯಾಂಕಿಗೆ ಹೊಡೆದರೆ ಇಡೀ ಗೋಡೆಯೇ ಸೀಳಬಹುದು. ಗುಂಡು ದ್ರವವನ್ನು ಮುಟ್ಟಿದ ಕೂಡಲೇ ಒಂದು ಆಘಾತದ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ. ಗುಂಡು ಮುಂದೆ ಸಾಗುತ್ತಾ, ಹೆಚ್ಚಾಗಿ ಅಡ್ಡಡ್ಡ ಉರುಳುತ್ತಾ, ದ್ರವವನ್ನು ಬದಿಗೆ ತಳ್ಳಿ ತನ್ನ ಹಿಂದೆ ಒಂದು ಪೊಳ್ಳನ್ನು ಬಿಟ್ಟುಹೋಗುತ್ತದೆ. ಆ ಪೊಳ್ಳು ಹಿಗ್ಗಿ ಮತ್ತೆ ಕುಸಿಯುವಾಗ ದ್ರವ ಗೋಡೆಗಳಿಗೆ ಅಪ್ಪಳಿಸುತ್ತದೆ. ಕೊನೆಗೆ, ಆಗಲೇ ಒತ್ತಡದಲ್ಲಿ ಉಬ್ಬಿರುವ ಆಚೆ ಗೋಡೆಯನ್ನು ಗುಂಡು ಹೊರಬೀಳುವಾಗ ಹರಿದುಬಿಡುತ್ತದೆ. ರಿವೆಟ್ ಸಾಲು ಪೂರ್ತಿ ಬಿಚ್ಚಿಕೊಂಡು ಹಾಳೆ, ರೆಕ್ಕೆಯ ಉದ್ದಕ್ಕಿರುವ ತೊಲೆಯಾದ ಸ್ಪಾರ್‌ನಿಂದ ಬೇರೆಯಾಗುವುದೂ ಉಂಟು. ಇಂದಿನ ಬಹುಪಾಲು ವಿಮಾನಗಳಲ್ಲಿ ರೆಕ್ಕೆಯ ಗೋಡೆಯೇ ಟ್ಯಾಂಕಿನ ಗೋಡೆಯಾಗಿರುವುದರಿಂದ, ಟ್ಯಾಂಕು ಸೀಳಿತು ಎಂದರೆ ರೆಕ್ಕೆಯ ಬಲವೇ ಹೋಯಿತು ಎಂದು ತಿಳಿಯಬೇಕು.

ಖಾಲಿ ಅಥವಾ ಅರೆಬರೆ ಟ್ಯಾಂಕಿಗೆ ಇನ್ನೊಂದು ಅಪಾಯವಿದೆ. ದ್ರವದ ಮೇಲಿನ ಜಾಗದಲ್ಲಿ ಇಂಧನದ ಆವಿ ಮತ್ತು ಗಾಳಿ ಬೆರೆತಿರುತ್ತವೆ. ಜೆಟ್ ಎ 1 ಇಂಧನದ ಆವಿಗೆ ಕಿಡಿ ಸಾಕಾಗುವ ಕನಿಷ್ಠ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಕರಾವಳಿಯ ಬಿಸಿಲಿನಲ್ಲಿ ನಿಂತ ರೆಕ್ಕೆ ಆ ಉಷ್ಣತೆಯನ್ನು ಮುಟ್ಟುವುದು ಆಶ್ಚರ್ಯವೇನಲ್ಲ. ಉಷ್ಣತೆ ಅದಕ್ಕಿಂತ ಕಡಿಮೆ ಇದ್ದರೂ ಗುಂಡಿನ ಹೊಡೆತಕ್ಕೆ ಇಂಧನ ಮಂಜಿನಂತೆ ಸಿಡಿಯುತ್ತದೆ, ಆ ಮಂಜಿಗೆ ಬೆಂಕಿ ಬೇಗ ಹತ್ತುತ್ತದೆ. ಇದಕ್ಕೆ ಮದ್ದಾಗಿ ಟ್ಯಾಂಕಿನೊಳಗೆ ಸ್ಪಂಜಿನಂಥ ರಂಧ್ರಮಯ ಪಾಲಿಯುರೆಥೇನ್ ಫೋಮ್ ತುಂಬುವುದು, ಖಾಲಿ ಜಾಗಕ್ಕೆ ನೈಟ್ರೋಜನ್ ಹಾಯಿಸುವುದು, ಇಂಧನ ತಾಗಿದರೆ ಉಬ್ಬಿ ತೂತನ್ನು ಮುಚ್ಚಿಕೊಳ್ಳುವ ರಬ್ಬರ್ ಪದರ ಹಚ್ಚುವುದು ಇತ್ಯಾದಿ ಕ್ರಮಗಳಿವೆ. ರಬ್ಬರ್ ಪದರದ ಉಪಾಯ ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಜಪಾನಿನ ಝೀರೋ ವಿಮಾನಗಳಲ್ಲಿ ಮೊದಲು ಅದು ಇಲ್ಲದಿದ್ದುದರಿಂದ ಅವು ಬಹುಬೇಗ ಹೊತ್ತಿ ಉರಿಯುತ್ತಿದ್ದವು.

ಬಿಜೈ ನಿವಾಸಿ

ಒಪ್ಪಿದೆ. ಆದರೆ ಒಂದು ಮಾತು ಕೇಳಲೇಬೇಕು. ನಿಜವಾದ ಇಂಧನ ತುಂಬಿ ಗುಂಡು ಹೊಡೆದರೆ ಕೋಟಿಗಟ್ಟಲೆ ಬೆಲೆಯ ವಿಮಾನ ಒಂದೇ ಏಟಿಗೆ ಸುಟ್ಟುಹೋಗಬಹುದು. ನೀರು ತುಂಬಿಸಿ ಪರೀಕ್ಷಿಸಿದರೆ ಆಗದೇ? ನೀರೂ ದ್ರವವೇ ಅಲ್ಲವೇ?

ನಿವೃತ್ತ ಏರ್‌ಫ್ರೇಮ್, ಉಡುಪಿ

ಗೋಡೆ ಸೀಳುತ್ತದೆಯೇ ಎಂಬುದು ಪ್ರಶ್ನೆಯಾದರೆ ನೀರು ಧಾರಾಳವಾಗಿ ಸಾಕು. ಇಂಧನದ ಸಾಂದ್ರತೆ ನೀರಿನ ಸುಮಾರು ಎಂಬತ್ತು ಶೇಕಡಾ ಇರುವುದರಿಂದ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದುಕೊಂಡರಾಯಿತು. ಬೆಂಕಿ ಹತ್ತುತ್ತದೆಯೇ ಎಂಬುದು ಪ್ರಶ್ನೆಯಾದರೆ ನೀರು ತುಂಬಿಸಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದು ಕೇಳಿದ ಪ್ರಶ್ನೆಯನ್ನೇ ಅವಲಂಬಿಸಿದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಬ್ರ್ಯಾಡ್ಲಿ ಎಂಬ ಸೇನಾ ವಾಹನದ ವಿಚಾರದಲ್ಲಿ ದೊಡ್ಡ ವಿವಾದ ಎದ್ದದ್ದು ಇದೇ ಕಾರಣಕ್ಕೆ. ಯುದ್ಧಕ್ಕೆ ಹೋಗುವಾಗ ಇರುವಂತೆ ಇಂಧನ, ಮದ್ದುಗುಂಡು ಎಲ್ಲ ತುಂಬಿಯೇ ಹೊಡೆದು ನೋಡಬೇಕು ಎಂದು ವಾಯುಪಡೆಯ ಕರ್ನಲ್ ಜೇಮ್ಸ್ ಬರ್ಟನ್ ಪಟ್ಟು ಹಿಡಿದರು. ಅದರ ಫಲವಾಗಿ, ಸೈನಿಕರು ಕೂರುವ ವಾಹನ, ವಿಮಾನಗಳನ್ನು ಪೂರ್ಣ ಪ್ರಮಾಣದ ಉತ್ಪಾದನೆಗೆ ಮುನ್ನ ನಿಜವಾದ ಗುಂಡಿನಿಂದ ಪರೀಕ್ಷಿಸಲೇಬೇಕೆಂಬ ಕಾನೂನು ಅಲ್ಲಿ ಬಂತು. ತೀರಾ ದುಬಾರಿಯಾದರೆ ವಿನಾಯಿತಿ ಕೊಡಲು ಆ ಕಾನೂನಿನಲ್ಲಿ ಅವಕಾಶವಿದೆ. ಎಫ್ 22 ಯುದ್ಧವಿಮಾನಕ್ಕೂ ವಿ 22 ವಿಮಾನಕ್ಕೂ ಪೂರ್ಣ ವಿಮಾನದ ಪರೀಕ್ಷೆಯಿಂದ ಹಾಗೆ ವಿನಾಯಿತಿ ಕೊಟ್ಟು, ಬಿಡಿಭಾಗಗಳ ಮೇಲಷ್ಟೇ ಪರೀಕ್ಷೆ ನಡೆಸಿದರು.

ಖರ್ಚಿನ ಬಗ್ಗೆ ನೀವು ಹೇಳಿದ್ದು ಸರಿಯೇ. ಆದ್ದರಿಂದಲೇ ಗುಂಡುಗಳಿಗೆ ಒಂದು ಸರದಿ ಇರುತ್ತದೆ. ಮೊದಲು ಹಾಳೆ, ಆಮೇಲೆ ಟ್ಯಾಂಕಿನ ಒಂದು ಕೋಣೆ, ಆಮೇಲೆ ಇಡೀ ರೆಕ್ಕೆ, ಕೊನೆಗೆ ಪೂರ್ಣ ವಿಮಾನ. ಪೂರ್ಣ ವಿಮಾನದ ಮೇಲೂ ಕಡಿಮೆ ಹಾನಿ ಮಾಡುವ ಏಟು ಮೊದಲು, ಸುಡಬಹುದಾದ ಏಟು ಕೊನೆಗೆ. ನಡುನಡುವೆ ತೂತು ಮುಚ್ಚಿ, ಕೆಟ್ಟ ಪೈಪು ಬದಲಿಸಿ ಮತ್ತೆ ಸಿದ್ಧಪಡಿಸುತ್ತಾರೆ.

ಸುರತ್ಕಲ್ ಲೋಹಶಾಸ್ತ್ರ

ಹಿರಿಯರು ವಿಮಾನದ ಕಡೆಯಿಂದ ಹೇಳಿದರು, ನಾನು ಕವಚದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ತೂರಿತೋ ಇಲ್ಲವೋ ಎಂಬ ಸರಳ ಪ್ರಶ್ನೆಯೂ ಅಷ್ಟು ಸರಳವಲ್ಲ. ಒಂದೇ ಕವಚ, ಒಂದೇ ಬಗೆಯ ಗುಂಡು, ಒಂದೇ ವೇಗ. ಆದರೂ ಒಮ್ಮೆ ತೂರುತ್ತದೆ, ಒಮ್ಮೆ ನಿಲ್ಲುತ್ತದೆ. ಆದ್ದರಿಂದ ತೂರುವುದಕ್ಕೂ ನಿಲ್ಲುವುದಕ್ಕೂ ಸಮಾನ ಸಂಭವವಿರುವ ವೇಗವನ್ನು ಹುಡುಕುತ್ತಾರೆ. ಮದ್ದಿನ ಪ್ರಮಾಣ ಹೆಚ್ಚು ಕಡಿಮೆ ಮಾಡುತ್ತಾ ಹೊಡೆಯುತ್ತಾರೆ. ತೂರಿದ ಏಟುಗಳಲ್ಲಿ ಅತಿ ಕಡಿಮೆ ವೇಗದವುಗಳನ್ನೂ ನಿಂತ ಏಟುಗಳಲ್ಲಿ ಅತಿ ಹೆಚ್ಚು ವೇಗದವುಗಳನ್ನೂ ಸಮ ಸಂಖ್ಯೆಯಲ್ಲಿ ಆರಿಸಿ ಸರಾಸರಿ ತೆಗೆಯುತ್ತಾರೆ. ತೂರಿದ್ದು ಎಂದು ತೀರ್ಮಾನಿಸುವುದಕ್ಕೂ ನಿಯಮವಿದೆ: ಗುರಿಯ ಹಿಂದೆ 15 ಸೆಂಟಿಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಸಾಕ್ಷಿ ಹಾಳೆ ನಿಲ್ಲಿಸಿರುತ್ತಾರೆ. ಏಟಿನ ನಂತರ ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಬೆಳಕು ತೂರಿ ಬಂದರೆ ಕವಚ ಸೋತಿತು ಎಂದು ಲೆಕ್ಕ. ಗುಂಡೇ ಬರಬೇಕೆಂದಿಲ್ಲ, ಕವಚದ ಹಿಂಬದಿಯಿಂದ ಸಿಡಿದ ಚೂರು ಸಾಕ್ಷಿ ಹಾಳೆಯನ್ನು ತೂತು ಮಾಡಿದರೂ ಸೋಲೇ. ಪೈಲಟ್‌ಗೆ ಗಾಯ ಮಾಡುವುದು ಎಷ್ಟೋ ಸಲ ಆ ಚೂರುಗಳೇ ಆದ್ದರಿಂದ ಈ ನಿಯಮ ನ್ಯಾಯವಾದದ್ದು. ಹೀಗೆ ಸಿಕ್ಕಿದ ವೇಗವನ್ನು ಸುರಕ್ಷಿತ ಮಿತಿ ಎಂದು ತಪ್ಪು ತಿಳಿಯಬಾರದು. ಆ ವೇಗದಲ್ಲಿ ಎರಡರಲ್ಲಿ ಒಂದು ಗುಂಡು ಒಳಗೆ ಬರುತ್ತದೆ.

ಹೆಲಿಕಾಪ್ಟರ್ ಪೈಲಟ್‌ಗಳ ಆಸನಗಳಿಗೆ ವಿಯೆಟ್ನಾಂ ಯುದ್ಧದ ಕಾಲದಿಂದ ಬೋರಾನ್ ಕಾರ್ಬೈಡ್ ಬಳಕೆಗೆ ಬಂತು. ಉಕ್ಕಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಸಾಂದ್ರತೆಯ ಆ ಸೆರಾಮಿಕ್ ಗುಂಡಿನ ಗಟ್ಟಿ ತಿರುಳನ್ನೇ ಪುಡಿ ಮಾಡುತ್ತದೆ, ಹಿಂದಿನ ನಾರಿನ ಪದರ ಚೂರುಗಳನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಏಟು ಬಿದ್ದ ಬಿಲ್ಲೆ ಒಡೆದುಹೋಗುವುದರಿಂದ, ಅದೇ ಜಾಗಕ್ಕೆ ಎರಡನೇ ಗುಂಡು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು. ನಮ್ಮ ದೇಶದಲ್ಲಿ ಕವಚ ಲೋಹಗಳ ಕೆಲಸ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯದಲ್ಲಿ, ಗುಂಡಿನ ಪರೀಕ್ಷೆ ಚಂಡೀಗಢದ ಟಿಬಿಆರ್‌ಎಲ್ ಪ್ರಯೋಗಾಲಯದಲ್ಲಿ ನಡೆಯುತ್ತದೆ.

ಮಣಿಪಾಲ ಏರೋ ವಿದ್ಯಾರ್ಥಿನಿ

ಎಲ್ಲರ ಬರಹ ಓದಿ ಬಹಳ ಕಲಿತೆ. ತೇಜಸ್ ವಿಮಾನದ ತೂಕದ ಸುಮಾರು 45 ಶೇಕಡಾ ಕಾರ್ಬನ್ ಕಾಂಪೊಸಿಟ್ (ಕಾರ್ಬನ್ ನಾರಿನ ಪದರಗಳನ್ನು ಅಂಟಿನಿಂದ ಬೆಸೆದ ವಸ್ತು), ಹೊರಮೈಯಲ್ಲಂತೂ ತೊಂಬತ್ತು ಶೇಕಡಾಕ್ಕೂ ಹೆಚ್ಚು ಅದೇ ಎಂದು ತರಗತಿಯಲ್ಲಿ ಹೇಳಿದ್ದಾರೆ. ಸರ್, ಅಲ್ಯುಮಿನಿಯಂ ಬಗ್ಗೆ ನೀವು ಹೇಳಿದ್ದೆಲ್ಲ ಕಾಂಪೊಸಿಟ್‌ಗೂ ಅನ್ವಯಿಸುತ್ತದೆಯೇ? ಇನ್ನೊಂದು ಪ್ರಶ್ನೆ, ಕಂಪ್ಯೂಟರಿನಲ್ಲಿ ಇಷ್ಟು ಚೆನ್ನಾಗಿ ಸಿಮ್ಯುಲೇಶನ್ ಮಾಡಲು ಬರುವಾಗ ನಿಜವಾಗಿ ಹೊಡೆಯುವ ಅಗತ್ಯ ಇನ್ನೂ ಏಕಿದೆ?

ನಿವೃತ್ತ ಏರ್‌ಫ್ರೇಮ್, ಉಡುಪಿ

ಮಗಳೇ, ಕಾಂಪೊಸಿಟ್ ಬೇರೆಯೇ ಸ್ವಭಾವದ್ದು. ಅದು ದಳದಂತೆ ಮಡಚುವುದಿಲ್ಲ, ನಾರುಗಳು ಕಡಿದು ಹೋಗುತ್ತವೆ, ಪದರಗಳು ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಹೊರಗೆ ಹತ್ತು ಮಿಲಿಮೀಟರ್ ತೂತು ಕಂಡರೆ ಒಳಗೆ ಅದರ ಹಲವು ಪಟ್ಟು ಅಗಲಕ್ಕೆ ಪದರ ಬಿಟ್ಟಿರಬಹುದು. ಅಲ್ಟ್ರಾಸೌಂಡ್ ಯಂತ್ರ ಕೈಗೆ ಸಿಗದ ಕಡೆ ತಂತ್ರಜ್ಞರು ಒಂದು ನಾಣ್ಯದಿಂದ ತೂತಿನ ಸುತ್ತ ತಟ್ಟುತ್ತಾ ಬರುತ್ತಾರೆ. ಗಟ್ಟಿ ಇರುವಲ್ಲಿ ಶಬ್ದ ಚುರುಕಾಗಿ ಕೇಳುತ್ತದೆ, ಪದರ ಬಿಟ್ಟಲ್ಲಿ ಮಂದವಾಗುತ್ತದೆ. ಶಬ್ದ ಬದಲಾದ ಕಡೆಗಳನ್ನು ಗುರುತು ಮಾಡುತ್ತಾ ಹೋದರೆ ಹಾನಿಯ ನಕ್ಷೆ ಸಿಗುತ್ತದೆ. ಕಾಂಪೊಸಿಟ್‌ನ ದೌರ್ಬಲ್ಯ ಎದ್ದು ಕಾಣುವುದು ಎಳೆತಕ್ಕಿಂತ ಒತ್ತಡದಲ್ಲಿ. ಬಿಟ್ಟುಕೊಂಡ ಪದರಗಳು ಒಂದೊಂದಾಗಿ ಬಾಗಿ ಬಿಡುತ್ತವೆ. ಆದ್ದರಿಂದ ಹಾರುವಾಗ ಒತ್ತಡಕ್ಕೆ ಒಳಗಾಗುವ ರೆಕ್ಕೆಯ ಮೇಲ್ಭಾಗದ ಹಾಳೆಗೆ ಬಿದ್ದ ಗುಂಡನ್ನು ಅಲ್ಲಿ ಹೆಚ್ಚು ಗಂಭೀರವಾಗಿ ನೋಡಬೇಕು.

ಸಿಮ್ಯುಲೇಶನ್ ಬೇಡವೆಂದು ಯಾರೂ ಹೇಳುವುದಿಲ್ಲ. ಗುಂಡು ಯಾವ ದಿಕ್ಕಿನಿಂದ ಬಂದರೆ ಏನೇನನ್ನು ತೂರುತ್ತದೆ ಎಂದು ಸಾವಿರಾರು ರೇಖೆಗಳನ್ನು ಎಳೆದು ನೋಡಿ, ಅವುಗಳಲ್ಲಿ ಹೊಡೆಯಲೇಬೇಕಾದ ಕೆಲವನ್ನು ಆರಿಸುವುದು ಕಂಪ್ಯೂಟರೇ. ಲೋಹ ಬಾಗುವುದು, ಹರಿಯುವುದು ಲೆಕ್ಕಕ್ಕೆ ಚೆನ್ನಾಗಿ ಸಿಗುತ್ತದೆ. ಬೆಂಕಿ ಸಿಗುವುದಿಲ್ಲ. ಗುಂಡು ಅಲ್ಯುಮಿನಿಯಂಗೆ ಬಡಿದಾಗ ಹಾರುವ ಕಿಡಿ ಎಷ್ಟು ಹೊತ್ತು ಉಳಿಯುತ್ತದೆ, ತೂತಿನಿಂದ ಸಿಡಿದ ಇಂಧನದ ಮಂಜು ಅಷ್ಟರೊಳಗೆ ಅದರ ಹತ್ತಿರ ತಲುಪುತ್ತದೆಯೇ ಎಂಬುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ತೀರ್ಮಾನವಾಗುತ್ತದೆ. ಒಂದೇ ಜಾಗಕ್ಕೆ ಎರಡು ಸಲ ಹೊಡೆದರೆ ಒಮ್ಮೆ ಹೊತ್ತಿಕೊಂಡೀತು, ಒಮ್ಮೆ ಇಲ್ಲ. ಇದಕ್ಕೆ ಗುಂಡಿನ ಮೈದಾನವೇ ಗತಿ.

ಕುಂದಾಪುರ ಗಣಿತ ಮೇಷ್ಟ್ರು

ಈ ಚರ್ಚೆಯಲ್ಲಿ ಗಣಿತಜ್ಞ ಅಬ್ರಹಾಂ ವಾಲ್ಡ್ ಅವರ ಹೆಸರು ಬಾರದೆ ಇರಬಾರದು. ಯುದ್ಧದಿಂದ ಮರಳಿದ ವಿಮಾನಗಳಿಗೆ ಗುಂಡು ಬಿದ್ದ ಜಾಗಗಳನ್ನು ಕೆಂಪು ಚುಕ್ಕೆಗಳಿಂದ ತೋರಿಸುವ ಚಿತ್ರವನ್ನು ಹಲವರು ನೋಡಿರುತ್ತೀರಿ. ಅದು ಇತ್ತೀಚೆಗೆ ಯಾರೋ ಬರೆದದ್ದು, ವಾಲ್ಡ್ ಅವರದ್ದಲ್ಲ. 1943ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದುಕೊಂಡು ಅವರು ಬರೆದದ್ದು ಸಮೀಕರಣಗಳನ್ನು. ಅವರು ಕಲ್ಪಿಸಿದ ಉದಾಹರಣೆ ಹೀಗಿದೆ. 400 ವಿಮಾನಗಳು ಹೋದವು, 380 ಮರಳಿದವು. ಮರಳಿದವುಗಳಲ್ಲಿ 320ಕ್ಕೆ ಏಟೇ ಬಿದ್ದಿಲ್ಲ, 32ಕ್ಕೆ ಒಂದು, 20ಕ್ಕೆ ಎರಡು, 4ಕ್ಕೆ ಮೂರು, 2ಕ್ಕೆ ನಾಲ್ಕು, 2ಕ್ಕೆ ಐದು ಏಟುಗಳು. ಬಾರದ ಇಪ್ಪತ್ತು ವಿಮಾನಗಳೂ ಗುಂಡಿನಿಂದಲೇ ಬಿದ್ದವು, ಪ್ರತಿ ಏಟನ್ನೂ ತಾಳಿಕೊಳ್ಳುವ ಸಂಭವ ಒಂದೇ ಸಮ ಎಂದು ಹಿಡಿದು ಬಿಡಿಸಿದರೆ, ಒಂದು ಏಟು ತಿಂದ ವಿಮಾನ ಉಳಿಯುವ ಸಂಭವ 0.85 ಎಂದು ಬರುತ್ತದೆ. ಕಣ್ಣೆದುರು ಇಲ್ಲದ ಇಪ್ಪತ್ತು ವಿಮಾನಗಳ ಬಗ್ಗೆ, ಕಣ್ಣೆದುರು ಇರುವ ಅರುವತ್ತು ವಿಮಾನಗಳ ತೂತುಗಳನ್ನು ಎಣಿಸಿ ಹೇಳಿದ ಮಾತು ಅದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಲು ಕೊಡುತ್ತೇನೆ, ಪಿಯುಸಿ ಗಣಿತ ಸಾಕು.

ಆಗ ವಾಲ್ಡ್ ಅವರ ಕೈಯಲ್ಲಿದ್ದದ್ದು ಯುದ್ಧದಿಂದ ಮರಳಿದ ವಿಮಾನಗಳ ಲೆಕ್ಕ ಮಾತ್ರ. ಎಂಜಿನ್ನಿಗೆ ಏಟು ಬಿದ್ದ ವಿಮಾನ ಮರಳದಿದ್ದರೆ ಅದರ ಎಂಜಿನ್ನನ್ನು ನೋಡುವ ಅವಕಾಶವೇ ಇಲ್ಲ. ಹಿರಿಯರು ಹೇಳಿದ ಮೈದಾನದ ಪರೀಕ್ಷೆ ತುಂಬುವುದು ಆ ಕೊರತೆಯನ್ನು. ಅಲ್ಲಿ ಎಂಜಿನ್ನಿಗೇ ಗುರಿಯಿಟ್ಟು ಹೊಡೆದು, ಬೀಳುತ್ತಿದ್ದ ವಿಮಾನ ಹೇಗೆ ಬೀಳುತ್ತಿತ್ತೆಂದು ನೋಡಬಹುದು. ವಾಲ್ಡ್ ದಂಪತಿ 1950ರ ಡಿಸೆಂಬರಿನಲ್ಲಿ ಉಪನ್ಯಾಸಗಳಿಗೆಂದು ಭಾರತಕ್ಕೆ ಬಂದಿದ್ದಾಗ ನಮ್ಮ ನೆರೆಯ ನೀಲಗಿರಿಯ ಬೆಟ್ಟದಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಇಷ್ಟು ಹತ್ತಿರದಲ್ಲಿ ತೀರಿಕೊಂಡ ಅಂಥ ಗಣಿತಜ್ಞರ ಬಗ್ಗೆ ನಮ್ಮ ಶಾಲೆಗಳಲ್ಲಿ ಒಂದು ಮಾತೂ ಹೇಳುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬಜಪೆ ಗ್ರೌಂಡ್ ಸ್ಟಾಫ್

ಕಾಪುವಿನವರ ಮೂರನೇ ಪ್ರಶ್ನೆ ಹಾಗೆಯೇ ಉಳಿದಿದೆ. ಪ್ರಯಾಣಿಕ ವಿಮಾನದ ಮೈಗೆ ಗುಂಡಿನ ಪರೀಕ್ಷೆ ಇಲ್ಲ, ಕಾಕ್‌ಪಿಟ್ ಬಾಗಿಲಿಗೆ ಇದೆ. 2001ರ ಸೆಪ್ಟೆಂಬರ್ 11ರ ನಂತರ ಬಂದ ನಿಯಮಗಳ ಪ್ರಕಾರ, 9 ಮಿಲಿಮೀಟರಿನ ಎಂಟು ಗ್ರಾಂ ಗುಂಡನ್ನೂ .44 ಮ್ಯಾಗ್ನಮ್ ಪಿಸ್ತೂಲಿನ ಹದಿನೈದೂವರೆ ಗ್ರಾಂ ಗುಂಡನ್ನೂ ಸೆಕೆಂಡಿಗೆ 436 ಮೀಟರ್ ವೇಗದಲ್ಲಿ ಬಾಗಿಲು ತಡೆಯಬೇಕು. ಹಿಡಿಕೆ, ಕೀಲು, ಅಂಚುಗಳ ಕಡೆಯೂ ಗುಂಡು ನುಸುಳಬಾರದು.

ಮೈಯಲ್ಲಿ ಒಂದು ಗುಂಡಿನ ತೂತಾದರೆ ವಿಮಾನ ಒಡೆದು ಚೂರಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಕ್ಯಾಬಿನ್ನಿಗೆ ಗಾಳಿ ಸದಾ ತುಂಬುತ್ತಲೇ ಇರುತ್ತದೆ, ಹೆಚ್ಚಾದದ್ದು ಹಿಂಬದಿಯ ಒಂದು ಕವಾಟದಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಒಂದು ಸಣ್ಣ ತೂತು ಸೇರಿಕೊಂಡರೆ ಆ ಕವಾಟ ಅಷ್ಟರಮಟ್ಟಿಗೆ ಮುಚ್ಚಿಕೊಂಡು ಸರಿದೂಗಿಸುತ್ತದೆ. ಇಂಧನದ ವಿಚಾರದಲ್ಲಿ ಮಾತ್ರ ಯುದ್ಧವಿಮಾನಗಳ ಪಾಠ ನಮ್ಮ ಕಡೆಗೂ ಬಂದಿದೆ. 1996ರಲ್ಲಿ ನ್ಯೂಯಾರ್ಕ್ ಬಳಿ ಟಿಡಬ್ಲ್ಯೂಎ ಸಂಸ್ಥೆಯ 747 ವಿಮಾನದ ನಡುವಿನ ಟ್ಯಾಂಕು ಸ್ಫೋಟಗೊಂಡ ನಂತರ, ಟ್ಯಾಂಕಿಗೆ ನೈಟ್ರೋಜನ್ ಹಾಯಿಸುವ ಏರ್ಪಾಡು ಪ್ರಯಾಣಿಕ ವಿಮಾನಗಳಿಗೂ ಬಂತು. 2003ರ ನವೆಂಬರ್ 22ರಂದು ಬಾಗ್ದಾದಿನಿಂದ ಹೊರಟ ಡಿಎಚ್‌ಎಲ್ ಸಂಸ್ಥೆಯ ಏರ್‌ಬಸ್ ಎ 300 ಸರಕು ವಿಮಾನದ ಎಡರೆಕ್ಕೆಗೆ ಕ್ಷಿಪಣಿ ಬಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಮೂವರು ಸಿಬ್ಬಂದಿ ಎರಡು ಎಂಜಿನ್‌ಗಳ ವೇಗವನ್ನಷ್ಟೇ ಏರಿಸಿ ಇಳಿಸಿ ವಿಮಾನವನ್ನು ತಿರುಗಿಸಿ ಇಳಿಸಿದರು. ಮೂರು ವ್ಯವಸ್ಥೆಗಳಿದ್ದರೂ ಒಂದೇ ಏಟಿಗೆ ಮೂರೂ ಹೋದದ್ದು, ಬರಿಯ ಸಂಖ್ಯೆ ಸಾಲದು, ದೂರವೂ ಬೇಕು ಎಂದು ಹಿರಿಯರು ಹೇಳಿದ ಮಾತಿಗೆ ಆಧಾರ.

ಮಣಿಪಾಲ ಏರೋ ವಿದ್ಯಾರ್ಥಿನಿ

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದೇ ವಿಷಯ ತೆಗೆದುಕೊಳ್ಳಬೇಕೆಂದು ನಾವು ನಾಲ್ವರು ಯೋಚಿಸುತ್ತಿದ್ದೇವೆ. ಬಂದೂಕು ಬಳಸಲು ನಮಗೆ ಅವಕಾಶವಿಲ್ಲ ಎಂಬುದು ಗೊತ್ತು. ಬಂದೂಕಿಲ್ಲದೆ ಪ್ರಾಮಾಣಿಕವಾಗಿ ಮಾಡಬಹುದಾದದ್ದು ಏನಾದರೂ ಇದೆಯೇ? ಹಳೆಯ ವಿಮಾನದ ಹಾಳೆ ಗುಜರಿಯಲ್ಲಿ ಸಿಗುವುದಾದರೆ ಅದನ್ನು ಬಳಸಬಹುದೇ?

ಸುರತ್ಕಲ್ ಲೋಹಶಾಸ್ತ್ರ

ಖಂಡಿತ ಇದೆ, ತಂಗಿ. ಗುಂಡು ತೂರುವ ಕ್ಷಣವನ್ನು ಬಿಟ್ಟು, ತೂರಿದ ನಂತರ ಹಾಳೆಯಲ್ಲಿ ಉಳಿದ ಬಲವನ್ನು ಅಳೆಯಿರಿ. ಕಾಂಪೊಸಿಟ್‌ಗೆ 100 × 150 ಮಿಲಿಮೀಟರ್ ತಟ್ಟೆಯ ಮೇಲೆ ತೂಕ ಬೀಳಿಸಿ ಹಾನಿ ಮಾಡುವ, ಆಮೇಲೆ ಅದೇ ತಟ್ಟೆಯನ್ನು ಅಂಚಿನಿಂದ ಒತ್ತಿ ಮುರಿಯುವ, ಪರೀಕ್ಷಾ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಎಎಸ್‌ಟಿಎಂ ಕ್ರಮಗಳಿವೆ. ಅಲ್ಯುಮಿನಿಯಂಗೆ ಒಂದು ಗುಂಪಿನ ತಟ್ಟೆಗಳಲ್ಲಿ ಡ್ರಿಲ್ಲಿನಿಂದ ನಯವಾದ ತೂತು ಮಾಡಿ, ಇನ್ನೊಂದು ಗುಂಪಿನಲ್ಲಿ ಚೂಪಾದ ಪಂಚ್ ಬೀಳಿಸಿ ಹರಿದ ತೂತು ಮಾಡಿ, ಎರಡನ್ನೂ ಎಳೆದು ಮುರಿಯಿರಿ. ಅಗಲವಾದ ತಟ್ಟೆಯ ದುಂಡನೆಯ ತೂತಿನ ಅಂಚಿನಲ್ಲಿ ಪ್ರತಿಬಲ (ಸ್ಟ್ರೆಸ್) ಮೂರು ಪಟ್ಟಾಗುತ್ತದೆ ಎಂಬುದು ನಿಮ್ಮ ಪಠ್ಯದಲ್ಲೇ ಇದೆ. ಹರಿದ ಅಂಚಿನ ಸೀಳುಗಳು ಅದಕ್ಕಿಂತ ಎಷ್ಟು ಕೆಟ್ಟವು ಎಂಬುದನ್ನು ನೀವು ಅಳೆದು ತೋರಿಸಬಹುದು.

ಗುಜರಿ ಹಾಳೆಯ ಬಗ್ಗೆ ಎಚ್ಚರ. ನಮ್ಮ ಉಪ್ಪುಗಾಳಿಯಲ್ಲಿ ಬಿದ್ದಿದ್ದ ಅಲ್ಯುಮಿನಿಯಂನಲ್ಲಿ ಬಣ್ಣದ ಅಡಿಯಲ್ಲೇ ಸಣ್ಣ ಸಣ್ಣ ಗುಳಿಗಳು ತಿಂದುಕೊಂಡಿರುತ್ತವೆ. ಬಿರುಕು ನಿಮ್ಮ ತೂತಿನಿಂದ ಹೊರಡದೆ ಆ ಗುಳಿಯಿಂದ ಹೊರಟರೆ ನಿಮ್ಮ ಅಂಕಿಗಳು ಯಾವುದಕ್ಕೂ ಉತ್ತರವಾಗುವುದಿಲ್ಲ. ವಿಮಾನಗಳಿಗೆ ಬಳಸುವ "2024 ಟಿ3" ಎಂಬ ಅಲ್ಯುಮಿನಿಯಂ ದರ್ಜೆಯ ಹೊಸ ಹಾಳೆಯನ್ನೇ ತರಿಸಿಕೊಳ್ಳಿ.

ನಿವೃತ್ತ ಏರ್‌ಫ್ರೇಮ್, ಉಡುಪಿ

ಸುರತ್ಕಲಿನವರು ಹೇಳಿದ ಎರಡು ಗುಂಪುಗಳಿಗೆ ಮೂರನೆಯದೊಂದನ್ನು ಸೇರಿಸಿಕೊಳ್ಳಿ. ಯುದ್ಧಕಾಲದ ತುರ್ತು ದುರಸ್ತಿಯಲ್ಲಿ ನಾವು ಮಾಡುವುದು ಇಷ್ಟೇ: ಹರಿದ ಅಂಚನ್ನೆಲ್ಲ ಕತ್ತರಿಸಿ ತೂತನ್ನು ದುಂಡಗೆ ಮಾಡುವುದು, ಬಿರುಕು ಹೊರಟಿದ್ದರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು ನಿಲ್ಲಿಸುವುದು, ಮೇಲೆ ಅದೇ ದರ್ಜೆಯ ತೇಪೆ ಇಟ್ಟು ಸುತ್ತಲೂ ಎರಡು ಸಾಲು ರಿವೆಟ್ ಹೊಡೆಯುವುದು. ಹಾಗೆ ತೇಪೆ ಹಾಕಿದ ತಟ್ಟೆಗಳನ್ನೂ ಎಳೆದು ನೋಡಿದರೆ ಕಳೆದುಹೋದ ಬಲದಲ್ಲಿ ಎಷ್ಟು ಮರಳಿತು ಎಂಬುದು ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಮಾತ್ರ ಬಿಡಬೇಡಿ. ಕೆಲವು ತಟ್ಟೆಗಳನ್ನಾದರೂ ಮೊದಲು ಎಳೆತಕ್ಕೆ ಒಳಪಡಿಸಿ, ಆ ಎಳೆತ ಇರುವಾಗಲೇ ಪಂಚ್ ಬೀಳಿಸಿ. ಮೊದಲು ತೂತು ಮಾಡಿ ಆಮೇಲೆ ಎಳೆದದ್ದಕ್ಕೂ, ಎಳೆತದಲ್ಲಿರುವಾಗ ತೂತಾದದ್ದಕ್ಕೂ ಇರುವ ಅಂತರವೇ ನಿಮ್ಮ ಪ್ರಾಜೆಕ್ಟಿನ ಮುಖ್ಯ ಅಂಕಿ. ಎಳೆತವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ, ಯಾವ ಹಂತದಲ್ಲಿ ಬಿರುಕು ನಿಲ್ಲದೆ ಅಂಚಿನವರೆಗೆ ಓಡುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆಗ ತಟ್ಟೆ ಒಮ್ಮೆಲೇ ಎರಡಾಗಿ ಸಿಡಿಯಬಹುದು. ಆದ್ದರಿಂದ ಯಂತ್ರದ ಮುಂದೆ ದಪ್ಪ ಪಾಲಿಕಾರ್ಬೊನೇಟ್ ಪರದೆ ನಿಲ್ಲಿಸಿ, ಪ್ರಯೋಗಾಲಯದ ಮೇಲ್ವಿಚಾರಕರು ಪಕ್ಕದಲ್ಲಿ ಇಲ್ಲದೆ ಶುರು ಮಾಡಬೇಡಿ.